ರೇಸ್ ಇರುವ ಊರಿನ ನೆಂಟರು

ಈ ಕಾಲದಲ್ಲಿ ನೆಂಟರ ಮನೆಗೆ ಹೋಗುವವರು ಯಾರಿದ್ದಾರೆ, ಹೇಳಿ? ಮದುವೆಗೆ ಒಂದು ಮೆಸೇಜು, ಸಾವಿಗೆ ಒಂದು ಫೋನು, ಅಲ್ಲಿಗೆ ಬಂಧು ಬಳಗ ಮುಗಿಯಿತು. ಅಂಥದ್ದರಲ್ಲಿ ಹಲ್ಲಣ್ಣ ವರ್ಷಕ್ಕೆ ಏಳೆಂಟು ಸಲ ಬ್ಯಾಗು ಹೆಗಲಿಗೇರಿಸಿ ನೆಂಟರ ಮನೆಗೆ ಹೊರಡುತ್ತಿದ್ದ. ಚಳಿಗಾಲವೆಂದರೆ ಅಕ್ಕನ ಮನೆ. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಊರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಹಳೆಯ ಗೆಳೆಯನ ಮನೆ. ಮಳೆಗಾಲಕ್ಕೆ ಚಿಕ್ಕಪ್ಪನ ಮಗನ ಮನೆ. ಬರಿಗೈಯಲ್ಲಿ ಹೋದವನೂ ಅಲ್ಲ. ಹಣ್ಣು, ಬಿಸ್ಕತ್ತು ಏನಾದರೊಂದು ಕೈಯಲ್ಲಿ ಇರುತ್ತಿತ್ತು. ಮೂರು ಮನೆಯವರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ‘ಇದ್ದರೆ ಇಂಥ ನೆಂಟ ಇರಬೇಕು ನೋಡಿ, ಕರುಳಿನ ಸಂಬಂಧ ಮರೆತಿಲ್ಲ’ ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು.

ಮೂರು ಊರುಗಳಲ್ಲೂ ರೇಸ್ ಕೋರ್ಸ್ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಲ್ಲಣ್ಣನಿಗೆ ಒಬ್ಬ ಒಡಹುಟ್ಟಿದ ತಮ್ಮನೂ ಇದ್ದ. ಎರಡು ಗಂಟೆಯ ಬಸ್ಸಿನ ದಾರಿ, ಅಷ್ಟೇ. ಆ ಊರಿನಲ್ಲಿ ಕಾಲೇಜಿತ್ತು, ದೊಡ್ಡ ಆಸ್ಪತ್ರೆ ಇತ್ತು, ಸಿನಿಮಾ ಮಂದಿರ ಮೂರಿದ್ದವು. ಕುದುರೆ ಮಾತ್ರ ಓಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಹೋದದ್ದು ಒಂದೇ ಸಲ, ತಮ್ಮನಿಗೆ ಲಕ್ವ ಹೊಡೆದಾಗ. ಅದೂ ಸೋಮವಾರ ಹೋಗಿ ಮಂಗಳವಾರ ವಾಪಸ್. ಏನು ಮನುಷ್ಯನೋ!

ಕೆಲಸದಲ್ಲಿ ಮಾತ್ರ ಅವನಿಗೆ ಹೆಸರಿಡುವ ಹಾಗಿರಲಿಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಅದರ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಪೂರಾ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಇದ್ದ. ಹಳೆಯ ಕಟ್ಟಡದ ಎರಡನೆಯ ಮಹಡಿ, ಹಿಂದಿನ ಕೋಣೆ. ಕಿಟಕಿಯ ಕೆಳಗೆ ಉಜ್ಜುವ ಮೋಟರು, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು. ಯಾರ ಬಾಯಿಯನ್ನೂ ನೋಡದೆ ಎಲ್ಲರಿಗೂ ಹಲ್ಲು ಕೊಡುವವನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳುತ್ತಿದ್ದ: “ಅಚ್ಚು ತೆಗೆದ ಕಾಲು ಗಂಟೆಯೊಳಗೆ ಪ್ಲಾಸ್ಟರ್ ಹೊಯ್ಯಬೇಕು. ತಡ ಮಾಡಿದ್ರೋ, ಅದು ಒಣಗಿ ಕುಗ್ಗುತ್ತೆ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಆದ್ರೆ ಬಾಯಿಗೆ ಗೊತ್ತಾಗುತ್ತೆ. ಒಣಗಿದ ಅಚ್ಚು ಸುಳ್ಳು ಸಾಕ್ಷಿ ಇದ್ದ ಹಾಗೆ.” ಹೀಗೆ ಹೇಳುವವನ ಎದೆಯ ಜೇಬಿನಲ್ಲಿ ಆ ವಾರದ ರೇಸ್ ಪುಸ್ತಕ ಮಡಚಿ ಕುಳಿತಿರುತ್ತಿತ್ತು. ಕುದುರೆಯ ವಯಸ್ಸನ್ನು ಹಲ್ಲು ನೋಡಿಯೇ ಹೇಳುತ್ತಾರೆ, ಹಾಗಾಗಿ ನನಗೂ ಅದಕ್ಕೂ ಜನ್ಮಾಂತರದ ನಂಟು ಎಂದು ತಮಾಷೆ ಮಾಡುತ್ತಿದ್ದ. ಆ ನಂಟಿನ ಕಾಟಕ್ಕೆ ಹೆಂಡತಿ ತವರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಆ ತಮಾಷೆಯನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಅಕ್ಕನ ಮನೆಯ ವಿಷಯಕ್ಕೆ ಬರೋಣ. ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಎತ್ತಿ ಆಡಿಸಿದವಳು, ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದವಳು. ಭಾವ ಪೋಸ್ಟ್ ಮಾಸ್ಟರಾಗಿ ರಿಟೈರಾದವರು. ರಿಟೈರಾದ ಮೂರನೆಯ ವರ್ಷಕ್ಕೆ ಎರಡೂ ಕಣ್ಣು ಹೋದವು. ಮಕ್ಕಳಿಲ್ಲ. ಬೆಳಿಗ್ಗೆ ಚಹಾ ಆದ ಮೇಲೆ ಅಕ್ಕ ಪೇಪರ್ ಹಿಡಿದು ಕೂರುತ್ತಿದ್ದಳು. ಮೊದಲ ಪುಟದ ಹೆಸರಿನಿಂದ ಕೊನೆಯ ಪುಟದ ಟೆಂಡರ್ ನೋಟಿಸಿನವರೆಗೆ ಗಂಡನಿಗೆ ಓದಿ ಹೇಳುತ್ತಿದ್ದಳು. ಓದಿ ಆದ ಮೇಲೆ ಇಬ್ಬರೂ ಅದರ ಮೇಲೆ ಜಗಳ ಆಡುತ್ತಿದ್ದರು. ಕಣ್ಣಿಲ್ಲದ ಭಾವನಿಗೆ ಊರು, ದೇಶ, ಪ್ರಪಂಚ ಎಲ್ಲವೂ ಅಕ್ಕನ ಬಾಯಿಯೇ.

ಆ ಬಾಯಿಯಲ್ಲಿ ಹಲ್ಲುಗಳು ಒಂದೊಂದಾಗಿ ಅಲುಗಾಡತೊಡಗಿದಾಗ, ಚಳಿಗಾಲದ ರೇಸ್ ಸೀಸನ್ನಿನ ಕೊನೆಯ ಭಾನುವಾರ, ಹಲ್ಲಣ್ಣ ಟಾರ್ಚ್ ಬಿಟ್ಟು ನೋಡಿದ.

“ಎಲ್ಲಾ ಕೀಳಿಸಿಬಿಡು ಅಕ್ಕ. ಅಲ್ಲೊಂದು ಇಲ್ಲೊಂದು ಇಟ್ಕೊಂಡು ಏನ್ಮಾಡ್ತೀಯ? ವಸಡು ಆರೋಕೆ ಆರು ತಿಂಗಳು. ಚಳಿಗಾಲಕ್ಕೆ ಬಂದು ನಾನೇ ಅಚ್ಚು ತೆಗೀತೀನಿ. ಇಪ್ಪತ್ತು ವರ್ಷದ ಹುಡುಗಿ ಹಾಗೆ ಕಾಣ್ಬೇಕು, ಅಂಥಾ ಸೆಟ್ಟು ಮಾಡ್ಕೊಡ್ತೀನಿ.”

“ಇಪ್ಪತ್ತು ವರ್ಷದಲ್ಲೇ ಇವಳ ಹಲ್ಲು ಉಬ್ಬಿತ್ತು ಕಣಯ್ಯಾ,” ಎಂದರು ಭಾವ. “ಕಣ್ಣಿದ್ದಾಗ ನೋಡಿದ್ದೀನಿ.”

“ನಿಮ್ಮನ್ನ ಕಟ್ಕೊಳ್ಳೋಕೆ ಅಷ್ಟು ಸಾಕಾಗಿತ್ತು,” ಎಂದು ಅಕ್ಕ ಬಾಯಿ ತುಂಬ ನಕ್ಕಳು. ನಕ್ಕು, ತಮ್ಮನನ್ನು ಕೇಳಿದಳು: “ಎಷ್ಟು ಸಲ ಬರ್ಬೇಕಾಗುತ್ತೋ ನೀನು, ಇದಕ್ಕೆ?”

“ನಾಲ್ಕೈದು ಸಲ ಆಗುತ್ತೆ. ಅಚ್ಚು, ಮೇಣದಲ್ಲಿ ಒಂದು ಸಲ ನೋಡೋದು, ಕೂರ್ಸೋದು, ಆಮೇಲೆ ಉಜ್ಜಿ ಸರಿ ಮಾಡೋದು.”

“ಹಾಗಾದ್ರೆ ಕೀಳಿಸ್ತೀನಿ,” ಎಂದಳು ಅಕ್ಕ. ಆ ಬೇಸಿಗೆಯಲ್ಲೇ ಎಲ್ಲವನ್ನೂ ಕೀಳಿಸಿಕೊಂಡಳು.

ಮಾತು ಕೊಟ್ಟವನು ಬರಬೇಕಲ್ಲ! ಆ ಚಳಿಗಾಲ ಅಕ್ಕನ ಊರಿನ ಲಾಯಗಳಲ್ಲಿ ಕುದುರೆಗಳಿಗೆ ಯಾವುದೋ ಅಂಟುರೋಗ ಬಂತು. ರೇಸು ಪೂರಾ ಬಂದ್. ಹಲ್ಲಣ್ಣ ಬೇಕೆಂದು ಬಿಟ್ಟವನೇನಲ್ಲ. ‘ಈ ವಾರ ಹೋಗಬೇಕು, ಬರುವ ವಾರ ಹೋಗಬೇಕು’ ಎಂದುಕೊಳ್ಳುತ್ತಲೇ ಇದ್ದ. ಶುಕ್ರವಾರ ಸಂಜೆಯಾದರೆ ಮಾತ್ರ ಮೈ ಏಳುತ್ತಿರಲಿಲ್ಲ. ಅಕ್ಕನ ಫೋನು ಬಂದರೆ ಲ್ಯಾಬಿನಲ್ಲಿ ಕೆಲಸ ತಲೆಯ ಮೇಲೆ ಬಿದ್ದಿದೆ ಎನ್ನುತ್ತಿದ್ದ. ಅವಳು ಆ ಕಡೆಯಿಂದ ಏನೋ ಹೇಳುತ್ತಿದ್ದಳು. ಬೊಚ್ಚು ಬಾಯಿ, ಅರ್ಧ ಅರ್ಥವಾಗುತ್ತಿರಲಿಲ್ಲ. ಅವನು ಎಲ್ಲದಕ್ಕೂ ‘ಹೂಂ ಅಕ್ಕ, ಹೂಂ ಅಕ್ಕ’ ಎನ್ನುತ್ತಿದ್ದ. ಒಂದು ಚಳಿಗಾಲ ಹೀಗೇ ಕಳೆಯಿತು. ಬೇಸಿಗೆಯಲ್ಲಿ ಬೆಟ್ಟದ ಊರಿಗೆ ಹೋದ, ಮಳೆಗಾಲದಲ್ಲಿ ಚಿಕ್ಕಪ್ಪನ ಮಗನ ಮನೆಗೆ ಹೋದ. ಅಲ್ಲಿ ಕುದುರೆಗಳು ಗುಂಡುಕಲ್ಲಿನ ಹಾಗಿದ್ದವು.

ಮಾರನೆಯ ಚಳಿಗಾಲ ಅಕ್ಕನ ಊರಿನಲ್ಲಿ ರೇಸ್ ಶುರುವಾಯಿತು. ಮೊದಲ ಶನಿವಾರವೇ ಬೆಳಿಗ್ಗೆ ಹಲ್ಲಣ್ಣ ಬಾಗಿಲು ತಟ್ಟಿದ. ಬ್ಯಾಗಿನಲ್ಲಿ ಟ್ರೇ, ಅಚ್ಚಿನ ಪುಡಿ, ಪ್ಲಾಸ್ಟರಿನ ಡಬ್ಬ ಎಲ್ಲವೂ ಇದ್ದವು, ಸುಳ್ಳು ಹೇಳಬಾರದು. ಬಾಗಿಲು ತೆಗೆದ ಅಕ್ಕನನ್ನು ಎರಡೆರಡು ಸಲ ನೋಡಿದ. ಕೆನ್ನೆ ಒಳಗೆ ಹೋಗಿ, ಗದ್ದ ಮೂಗಿಗೆ ಹತ್ತಿರ ಬಂದು, ಹದಿನೆಂಟು ತಿಂಗಳಿಗೆ ಹದಿನೆಂಟು ವರ್ಷ ಕಳೆದವಳ ಹಾಗೆ ಕಾಣುತ್ತಿದ್ದಳು. ಪೇಪರ್ ಓದುವುದನ್ನು ಬಿಟ್ಟಿರಲಿಲ್ಲ. ಓದುತ್ತಿದ್ದಳು, ಭಾವ ಪ್ರತಿ ಸಾಲಿಗೂ “ಏನಂದೆ?” ಎನ್ನುತ್ತಿದ್ದರು, ಮತ್ತೆ ಓದುತ್ತಿದ್ದಳು. ಎರಡು ಪುಟ ಆಗುವಷ್ಟರಲ್ಲಿ ಇಬ್ಬರೂ ಸುಸ್ತು.

ಹನ್ನೊಂದು ಗಂಟೆಗೆ ಅಡುಗೆಮನೆಯ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಕೊರಳಿಗೆ ಟವೆಲು ಸುತ್ತಿ, ಪುಡಿ ಕಲಸಿ ಟ್ರೇಗೆ ತುಂಬಿ, ಮೇಲಿನ ವಸಡಿಗೆ ಒತ್ತಿ ಹಿಡಿದ. ಮೂರು ನಿಮಿಷ. ತೆಗೆದು ಬೆಳಕಿಗೆ ಹಿಡಿದರೆ ಅಬ್ಬಾ, ಎಂಥ ಅಚ್ಚು! ವಸಡಿನ ಒಂದೊಂದು ಮಡಿಕೆಯೂ ಬರೆದಂತೆ ಬಂದಿತ್ತು. ಆಮೇಲೆ ಕೆಳಗಿನದು. ಅದೂ ಹಾಗೆಯೇ. ಇನ್ನು ಪ್ಲಾಸ್ಟರ್ ಕಲಸಿ ಹೊಯ್ದರೆ ಅರ್ಧ ಗಂಟೆಯ ಕೆಲಸ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ರೇಸ್ ಕೋರ್ಸಿನ ಬಸ್ಸು ಹನ್ನೊಂದೂವರೆಗೆ. ಮೊದಲ ರೇಸಿನಲ್ಲಿ ಅವನು ತಿಂಗಳಿಂದ ಕಣ್ಣಿಟ್ಟಿದ್ದ ಒಂದು ಕಪ್ಪು ಹೆಣ್ಣುಕುದುರೆ ಇತ್ತು.

“ಹಲ್ಲಿನ ಸಾಮಾನಿನ ಅಂಗಡಿ ಮುಚ್ಚಿಬಿಡುತ್ತೆ ಅಕ್ಕ, ಈಗ ಬಂದೆ,” ಎಂದು ಎರಡೂ ಅಚ್ಚುಗಳಿಗೆ ಒದ್ದೆ ಬಟ್ಟೆ ಸುತ್ತಿ, ಡಬ್ಬಿಯಲ್ಲಿಟ್ಟು ಹೊರಟ.

ವಾಪಸ್ ಬಂದಾಗ ಸಂಜೆ ಆರೂವರೆ. ಕಪ್ಪು ಕುದುರೆ ಐದನೆಯದಾಗಿ ಬಂದಿತ್ತು, ಅದು ಹಾಳಾಗಲಿ. ಡಬ್ಬಿ ತೆಗೆದ. ಬಟ್ಟೆ ಒಣಗಿತ್ತು. ಅಚ್ಚಿನ ಅಂಚು ಟ್ರೇ ಬಿಟ್ಟು ಕೂದಲೆಳೆಯಷ್ಟು ಮೇಲೆದ್ದಿತ್ತು. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನೊಂದು ಸಲ ಪುಡಿ ಕಲಸಿ ‘ಅಕ್ಕ, ಬಾಯಿ ತೆಗೆ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳು ಯಾಕೋ ಎಂದು ಕೇಳಿದರೆ? ಎಲ್ಲಿಗೆ ಹೋಗಿದ್ದೆ ಎಂದು ಭಾವ ಕೇಳಿದರೆ? ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅದೇ ಒಣಗಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದ. ಅದೇ ದವಡೆಯನ್ನು ಲ್ಯಾಬಿಗೆ ತೆಗೆದುಕೊಂಡು ಹೋಗಿ ಅದರ ಮೇಲೆ ಸೆಟ್ಟು ಮಾಡಿದ. ಮೇಣದಲ್ಲಿ ಒಮ್ಮೆ ಬಾಯಿಗಿಟ್ಟು ನೋಡಬೇಕೆಂಬ ನಿಯಮವಿದೆ. ನೋಡಿದರೆ ಗೊತ್ತಾಗಿಬಿಡುತ್ತದಲ್ಲ, ಅದನ್ನೂ ಬಿಟ್ಟ. ಹಲ್ಲುಗಳನ್ನು ಮಾತ್ರ ಬಲು ಮುತುವರ್ಜಿಯಿಂದ ಜೋಡಿಸಿದ್ದ. ಮುಂದಿನ ಎರಡು ಸ್ವಲ್ಪ ಉಬ್ಬು, ಅವಳ ಹಳೆಯ ಹಲ್ಲಿನ ಹಾಗೆಯೇ.

ತಿಂಗಳು ಬಿಟ್ಟು ಒಂದು ಶನಿವಾರ ಸೆಟ್ಟು ತಂದು ಕೂರಿಸಿದ. ಅಕ್ಕ ಬಾಯಿ ಮುಚ್ಚಿದಳು. ಹುಬ್ಬು ಗಂಟಾಯಿತು. ಮಾತಾಡಲು ಹೋದರೆ ಮೇಲಿನ ಸೆಟ್ಟು ಕೆಳಕ್ಕೆ ಜಾರಿ ಟಕ್ಕೆಂದಿತು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು ಉಗುಳಲೂ ಆಗದು.

ಒಳಕೋಣೆಯಿಂದ ಭಾವ ಕೇಳಿದರು: “ಯಾರು ಬಂದಿರೋದು? ಯಾವ ಹೆಂಗಸು?”

“ನಾನೇ ರೀ,” ಎಂದಳು ಅಕ್ಕ, ಆ ಪರಕೀಯ ದನಿಯಲ್ಲಿ.

“ರೂಢಿ ಆಗುತ್ತೆ ಅಕ್ಕ,” ಎಂದ ಹಲ್ಲಣ್ಣ. “ಹೊಸ ಚಪ್ಪಲಿನೂ ಮೊದಲು ಕಚ್ಚುತ್ತೆ.” ಹೇಳಿದವನೇ ಬಸ್ಸು ಹಿಡಿದ.

ರೂಢಿ ಎಲ್ಲಿಂದ ಆಗಬೇಕು! ಸೀಸನ್ನಿನ ಕೊನೆಯ ಶನಿವಾರ ಅವನು ಮತ್ತೆ ಬಂದಾಗ ಸೆಟ್ಟು ಲೋಟದ ನೀರಿನಲ್ಲಿತ್ತು, ಅಕ್ಕನ ವಸಡಿನ ಮೇಲೆ ಎರಡು ಕಡೆ ಹುಣ್ಣಾಗಿತ್ತು. ಟಾರ್ಚ್ ಬಿಟ್ಟು ನೋಡಿದವನಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಭಾವ ಗೋಡೆಗೆ ಒರಗಿ ಕುಳಿತು ಸಮಾಧಾನವಾಗಿಯೇ ಹೇಳಿದರು: “ನೋಡಪ್ಪಾ, ಹುಣ್ಣು ಆರೋವರೆಗೆ ಒಂದು ವಾರ ಇಲ್ಲೇ ಇರು. ಸಾವಕಾಶವಾಗಿ ಇನ್ನೊಂದು ಸಲ ಅಚ್ಚು ತೆಗಿ. ನಿನ್ನ ಅಕ್ಕ ಬಾಯಿ ಬಿಟ್ಟು ಕೇಳೋಳಲ್ಲ, ನಾನು ಕೇಳ್ತಿದ್ದೀನಿ.”

“ಇರ್ತೀನಿ ಭಾವ. ಖಂಡಿತ ಇರ್ತೀನಿ. ಇವತ್ತೊಂದು ದಿನ ಸ್ವಲ್ಪ ಕೆಲಸ ಇದೆ, ಮುಗಿಸ್ಕೊಂಡು ಬಂದ್ರೆ ಇನ್ನು ಒಂದು ವಾರ ಕದಲಲ್ಲ.”

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಹನ್ನೊಂದಕ್ಕೇ ಊಟ ಬಡಿಸಿದಳು.

ಆ ದಿನ, ನೋಡಿ ಹಣೆಬರಹವನ್ನು, ಹಲ್ಲಣ್ಣ ಗೆದ್ದ. ಆರು ವರ್ಷದಲ್ಲಿ ಮೊದಲ ಸಲ ಗೆದ್ದ. ಯಾರೂ ಕಣ್ಣೆತ್ತಿ ನೋಡದ ಒಂದು ಕುದುರೆ, ಬುಕ್ಕಿಗಳು ಒಂದಕ್ಕೆ ಮೂವತ್ತು ಕೊಡುತ್ತಿದ್ದರು, ಕೊನೆಯ ತಿರುವಿನಲ್ಲಿ ಎಲ್ಲವನ್ನೂ ಹಿಂದೆ ಹಾಕಿ ಬಂತು. ಕೈಯಲ್ಲಿದ್ದ ಟಿಕೆಟ್ಟನ್ನು ನಾಲ್ಕು ಸಲ ನೋಡಿಕೊಂಡ. ಕಟ್ಟು ನೋಟು ಎಣಿಸಿಕೊಂಡು ಹೊರಗೆ ಬಂದವನ ಕಾಲು ನೆಲದ ಮೇಲಿರಲಿಲ್ಲ. ಬಸ್ಸು ಯಾಕೆ, ಆಟೊ ಮಾಡಿಕೊಂಡೇ ಬಂದ. ಬಂದವನು ಇಷ್ಟು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ, ಗೆದ್ದವನಿಗೆ ನಾಚಿಕೆ ಎಲ್ಲಿ? ನೋಟಿನ ಕಟ್ಟನ್ನು ಅಡುಗೆಮನೆಯ ಮೇಜಿನ ಮೇಲೆ, ಅಕ್ಕನ ಎದುರಿಗೆ ಇಟ್ಟ.

“ತಗೋ ಅಕ್ಕ. ನನ್ನ ಕೈಯ ಸೆಟ್ಟು ಎತ್ತಿ ಬಿಸಾಕು. ಈ ಊರಲ್ಲೇ ದೊಡ್ಡ ಡಾಕ್ಟರ ಹತ್ರ ಹೋಗು. ಎಷ್ಟಾದ್ರೂ ಆಗ್ಲಿ, ಮೂಳೆಗೇ ಕೂರಿಸೋ ಹಲ್ಲು ಹಾಕಿಸ್ಕೋ.”

ಅಕ್ಕ ನೋಟಿನ ಕಟ್ಟು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ಬಹಳ ಹೊತ್ತು ಮಾತಾಡಿದಳು. ಕೋಪದಲ್ಲಿ ಆಡಲಿಲ್ಲ, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತ ಆಡಿದಳು. ಬೊಚ್ಚು ಬಾಯಿ, ಮೇಲೆ ಹುಣ್ಣು. ಹಲ್ಲಣ್ಣನಿಗೆ ಒಂದು ಮಾತೂ ತಿಳಿಯಲಿಲ್ಲ. ಅಭ್ಯಾಸಬಲದಿಂದ “ಹೂಂ ಅಕ್ಕ” ಎಂದ.

“ಏನು ಹೂಂ?” ಎಂದರು ಭಾವ. ಎರಡು ವರ್ಷ ಕೇಳಿ ಕೇಳಿ ಅವರಿಗೆ ಅವಳ ಪ್ರತಿ ಮಾತೂ ತಿಳಿಯುತ್ತಿತ್ತು. “ಅರ್ಥ ಆಯ್ತಾ ನಿನಗೆ? ಇಲ್ಲ ತಾನೆ? ನಾನು ಹೇಳ್ತೀನಿ ಕೇಳು. ದುಡ್ಡು ನಮ್ಮ ಹತ್ರಾನೂ ಇತ್ತು ಕಣಯ್ಯಾ. ನನ್ನ ಪೆನ್ಶನ್ ಬರುತ್ತೆ, ಪಕ್ಕದ ಬೀದಿಯಲ್ಲೇ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ನೀನು ರೇಸಿಗೆ ಬರ್ತೀಯ ಅಂತ ಇವಳಿಗೆ ಎಂದೋ ಗೊತ್ತು. ನಿನ್ನ ಅಂಗಿ ಒಗೆಯೋವಾಗ ಜೇಬಲ್ಲಿ ಆ ಪುಸ್ತಕ ಸಿಕ್ಕಿತ್ತಂತೆ. ಬಿಸಿಲಿಗೆ ಒಣಗಿಸಿ ಮತ್ತೆ ಜೇಬಿಗೇ ಇಟ್ಟಳಂತೆ. ಕುದುರೆಗೆ ರೋಗ ಬಂದ ಸುದ್ದೀನೂ ಇವಳೇ ನನಗೆ ಓದಿದ್ದು. ಅದಕ್ಕೆ ಮಾತ್ರ ನಾನು ‘ಏನಂದೆ’ ಅಂತ ಕೇಳಲಿಲ್ಲ.”

ಭಾವ ಹಲ್ಲಣ್ಣನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ಕಿತ್ತಾಗ ಆರು ಹಲ್ಲು ಕಲ್ಲಿನ ಹಾಗೆ ಗಟ್ಟಿ ಇದ್ವು. ಯಾಕಮ್ಮಾ ಕೀಳಿಸ್ತೀರ ಅಂತ ಡಾಕ್ಟರಮ್ಮನೇ ಬೈದ್ರು. ನಾಲ್ಕೈದು ಸಲ ಬರ್ಬೇಕಾಗುತ್ತೆ ಅಂದಿದ್ಯಲ್ಲ ನೀನು? ನಾಲ್ಕು ಸಲದಲ್ಲಿ ಒಂದು ಸಲವಾದ್ರೂ ರೇಸಿಲ್ಲದ ದಿನ ಬರ್ತಾನೆ, ನನ್ನ ತಮ್ಮ ನನಗೋಸ್ಕರ ಬರ್ತಾನೆ, ಅಂತ ಕೀಳಿಸ್ಕೊಂಡ್ಳು. ಈಗ ಅವಳು ಹೇಳಿದ್ದು ಅದನ್ನೇ.”

ಹಲ್ಲಣ್ಣ ಅಕ್ಕನ ಕಾಲ ಬಳಿ ಕುಸಿದು ಕೂತ. ಅತ್ತ. ಅವಳ ಕೈ ಹಿಡಿದುಕೊಂಡು ನಾಳೆ ಎಲ್ಲಿಗೂ ಹೋಗಲ್ಲ, ಒಂದು ವಾರ ಇರ್ತೀನಿ, ನಿನ್ನಾಣೆ ಅಕ್ಕ ಎಂದ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ. ಅಕ್ಕ ಅವನ ತಲೆ ಸವರಿ, ಆ ನೋಟಿನ ಕಟ್ಟನ್ನು ಎತ್ತಿ ಅವನ ಬ್ಯಾಗಿನಲ್ಲಿಟ್ಟಳು.

ಮರುದಿನ ಭಾನುವಾರ, ಸೀಸನ್ನಿನ ಕೊನೆಯ ದಿನ. ಹಲ್ಲಣ್ಣ ಎಂಟು ಗಂಟೆಗೇ ಸ್ನಾನ ಮಾಡಿ ಕುಳಿತ. ಭಾವನಿಗೆ ತಾನೇ ಪೇಪರ್ ಓದಿ ಹೇಳಿದ. ಆಟದ ಪುಟ ಬಂದಾಗ ಮಗುಚಿಬಿಟ್ಟ. ಒಂಬತ್ತಾಯಿತು, ಹತ್ತಾಯಿತು. ಹತ್ತೂವರೆಯ ಹೊತ್ತಿಗೆ ಅವನ ಬಲಗಾಲು ತಾನಾಗಿ ಅಲುಗತೊಡಗಿತು. ನಿನ್ನೆ ಗೆದ್ದ ಕೈ, ಬ್ಯಾಗಿನಲ್ಲಿ ಅಷ್ಟು ದುಡ್ಡು, ಇವತ್ತು ಬಿಟ್ಟರೆ ಮುಂದಿನ ಚಳಿಗಾಲದವರೆಗೆ ಇಲ್ಲ. ಎದ್ದು ನೀರು ಕುಡಿದ. ಕಿಟಕಿಯ ಹತ್ತಿರ ಹೋಗಿ ನಿಂತ. ಮತ್ತೆ ಬಂದು ಕೂತ.

ಹನ್ನೊಂದಕ್ಕೆ ಅಕ್ಕ ತಟ್ಟೆ ತಂದು ಊಟ ಬಡಿಸಿದಳು.

“ಇಷ್ಟು ಬೇಗ ಯಾಕಕ್ಕ?”

ಅಕ್ಕ ಭಾವನ ಕಡೆ ನೋಡಿದಳು. ಭಾವ ಹೇಳಿದರು: “ನಾಳೆ ಡಾಕ್ಟರಮ್ಮನ ಹತ್ರ ಹೋಗ್ತಿದ್ದೀವಿ ಕಣಪ್ಪಾ. ಬೆಳಿಗ್ಗೆ ಫೋನ್ ಮಾಡಿ ಹೇಳಿಟ್ಟಿದ್ದೀನಿ. ಇನ್ನು ನೀನು ಇದಕ್ಕೋಸ್ಕರ ಕಾಯೋದು ಬೇಡ. ಹೊರಡು, ಬಸ್ಸು ತಪ್ಪುತ್ತೆ.”

ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಬೇಕಿತ್ತು ಅಲ್ಲವೇ? ಅನ್ನಿಸಲಿಲ್ಲ. ಅವನಿಗೆ ಆದದ್ದು ಹಗುರ. ತಲೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗಾಯಿತು. ಹಾಗಾದದ್ದು ಅವನಿಗೇ ತಿಳಿಯಿತು, ತಿಳಿದು ಗಾಬರಿಯೂ ಆಯಿತು. ಗಾಬರಿಯಲ್ಲೇ ಗಬಗಬ ಉಂಡು ಹನ್ನೊಂದೂ ಇಪ್ಪತ್ತಕ್ಕೆ ಚಪ್ಪಲಿ ಮೆಟ್ಟಿದ. ಸಂಜೆ ಐದರ ಹೊತ್ತಿಗೆ ಬ್ಯಾಗಿನಲ್ಲಿ ಉಳಿದದ್ದು ಬಸ್ ಚಾರ್ಜು. ಅಕ್ಕನಿಗೆ ಮುಖ ತೋರಿಸದೆ ನೇರ ತನ್ನ ಊರಿನ ಬಸ್ಸು ಹತ್ತಿದ.

ಮುಂದಿನ ಚಳಿಗಾಲ ಬಂತು. ಹಲ್ಲಣ್ಣ ಅಕ್ಕನ ಊರಿಗೆ ಹೋದ, ಅಕ್ಕನ ಮನೆಗೆ ಹೋಗಲಿಲ್ಲ. ರೇಸ್ ಕೋರ್ಸಿನ ಹಿಂದಿನ ಬೀದಿಯಲ್ಲಿ ಒಂದು ಲಾಡ್ಜು, ಒಂದು ಮಂಚ, ಹೊರಗೆ ನಲ್ಲಿ. ಅಲ್ಲೇ ಇಳಿದ. ಎರಡನೆಯ ಶನಿವಾರ, ನಾಲ್ಕನೆಯ ರೇಸಿಗೆ ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದಾಗ ಜೇಬಿನಲ್ಲಿ ಫೋನು ಬಡಿಯಿತು. ಯಾರೆಂದು ನೋಡದೆ ಕಿವಿಗಿಟ್ಟ.

“ನಾನು ಕಣೋ,” ಎಂದಳು ಅಕ್ಕ.

ಎಷ್ಟು ಸ್ಪಷ್ಟ ದನಿ! ಮೂರು ವರ್ಷದ ಹಿಂದಿನ ಅಕ್ಕ. ಒಂದಕ್ಷರ ಜಾರುತ್ತಿಲ್ಲ, ಟಕ್ಕೆಂಬ ಸದ್ದಿಲ್ಲ, ಗಾಳಿ ಸೋರುತ್ತಿಲ್ಲ. ಸೆಟ್ಟು ವಸಡಿಗೆ ಎಲೆಯ ಹಾಗೆ ಅಂಟಿ ಕೂತಿದೆ. ಫೋನಿನಲ್ಲೇ ಅವನಿಗೆ ತಿಳಿಯಿತು. ಯಾರ ಕೈಯ ಕೆಲಸವೋ, ಬಲು ಚೆನ್ನಾಗಿ ಮಾಡಿದ್ದಾರೆ ಎನ್ನಿಸಿತು.

“ಚಳಿಗಾಲ ಬಂತಲ್ಲ. ಈ ಸಲ ಬರಲ್ವೇನೋ? ನಿಮ್ಮ ಭಾವ ದಿನಾ ಕೇಳ್ತಾರೆ.”

“ಇಲ್ಲ ಅಕ್ಕ. ಲ್ಯಾಬಲ್ಲಿ ಕೆಲಸ ತುಂಬಾ. ಊರು ಬಿಟ್ಟು ಕದಲೋಕೇ ಆಗ್ತಿಲ್ಲ.”

ತಲೆಯ ಮೇಲಿನ ಧ್ವನಿವರ್ಧಕ ಆಗಲೇ ಬಾಯಿ ತೆರೆಯಿತು. ನಾಲ್ಕನೆಯ ರೇಸಿನ ಕುದುರೆಗಳ ನಂಬರು, ಜಾಕಿಗಳ ಹೆಸರು, ಟಿಕೆಟ್ ಕಿಟಕಿ ಮುಚ್ಚಲು ಎರಡೇ ನಿಮಿಷ ಎಂಬ ಸೂಚನೆ, ಎಲ್ಲವನ್ನೂ ಊರಿಗೆ ಕೇಳುವ ಹಾಗೆ ಒದರಿತು. ಹಲ್ಲಣ್ಣ ಫೋನಿನ ಬಾಯಿಗೆ ಅಂಗೈ ಮುಚ್ಚಿದ. ಮುಚ್ಚಿ ಏನು ಪ್ರಯೋಜನ? ಆ ಕಡೆ ಅಕ್ಕ ಅದು ಒದರಿ ಮುಗಿಯುವವರೆಗೂ ಕೇಳುತ್ತ ಇದ್ದಳು.

ಆಮೇಲೆ ಕೇಳಿದಳು: “ಊಟ ಮಾಡಿದ್ಯೇನೋ?”

“ಹೂಂ ಅಕ್ಕ.”

“ಸರಿ,” ಎಂದು ಅಕ್ಕ ಫೋನಿಟ್ಟಳು. ಹಿಂದೆ ನಿಂತವನು ಬೆನ್ನಿಗೆ ತಿವಿದು, “ಸಾಲು ಮುಂದೆ ಹೋಯ್ತು, ನಡೀರಿ” ಎಂದ. ಹಲ್ಲಣ್ಣ ಎರಡು ಹೆಜ್ಜೆ ಮುಂದೆ ಹೋದ.